ಯೂಟ್ಯೂಬ್‌ನ ದೂರು ವ್ಯವಸ್ಥೆ: ಸ್ಟ್ರೀಮರ್‌ಗಳ ಜಗಳದಲ್ಲಿ ಮನೆಯ ವಿಳಾಸ ಎಷ್ಟು ಸುರಕ್ಷಿತ?

ಯೂಟ್ಯೂಬನ್ನು ಅದರ ಜಾಹೀರಾತುಗಳ ಕಾಟ, ಪ್ರೀಮಿಯಂ ಚಂದಾದ ಬೆಲೆ, ವಿಡಿಯೊಗಳ ಗುಣಮಟ್ಟ ಇವನ್ನೆಲ್ಲ ಮುಂದಿಟ್ಟುಕೊಂಡು ವಿಮರ್ಶಿಸಿದವರು ಬಹಳ ಮಂದಿ ಇದ್ದಾರೆ. ಈ ಬರಹದಲ್ಲಿ ನಾನು ಪರಿಶೀಲಿಸಲು ಹೊರಟಿರುವುದು ಅದೇ ಸಂಸ್ಥೆ ನೀಡುವ, ಆದರೆ ಅಗತ್ಯ ಬೀಳುವವರೆಗೆ ಯಾರೂ ತೆರೆದು ನೋಡದ ಮತ್ತೊಂದು ಸೇವೆಯನ್ನು, ಅಂದರೆ ಅದರ ದೂರು ವ್ಯವಸ್ಥೆಯನ್ನು. ಲೈವ್ ಮಾಡುವ ಸ್ಟ್ರೀಮರ್‌ಗಳಿಗೂ ಅವರನ್ನು ಟೀಕಿಸುವವರಿಗೂ ಜಗಳ ಹತ್ತಿಕೊಂಡು, ಫೋನ್ ನಂಬರ್ ಹೊರಹಾಕಿದರು, ಮನೆಯ ಫೋಟೊ ತೋರಿಸಿದರು, ಖಾಸಗಿ ಸಂದೇಶಗಳನ್ನು ಓದಿ ಹೇಳಿದರು ಎಂಬ ಆರೋಪಗಳು ಎರಡೂ ಕಡೆಯಿಂದ ಕೇಳಿಬರತೊಡಗಿದಾಗ, ಈ ವ್ಯವಸ್ಥೆ ಯಾರ ನೆರವಿಗೆ ಬರುತ್ತದೆ ಮತ್ತು ಯಾರನ್ನು ಕೈಬಿಡುತ್ತದೆ ಎಂಬುದು ಪ್ರಶ್ನೆ. ಕನ್ನಡದಲ್ಲಿ ಗೇಮಿಂಗ್ ಲೈವ್, ಬೇರೆಯವರ ವಿಡಿಯೊಗೆ ಪ್ರತಿಕ್ರಿಯಿಸುವ ರಿಯಾಕ್ಷನ್ ವಿಡಿಯೊ, ಟ್ರೋಲ್ ಚಾನೆಲ್ ನಡೆಸುವವರೆಲ್ಲರೂ ಇದೇ ಫಾರಂಗಳನ್ನು ತುಂಬಬೇಕಾಗಿರುವುದರಿಂದ ಇದು ದೂರದ ಮಾತೇನೂ ಅಲ್ಲ.

ವಿಳಾಸವೊಂದು ಬಯಲಾದರೆ ಏನಾಗಬಹುದು ಎಂಬುದನ್ನು ಅರಿಯದೆ ಈ ಸೇವೆಯ ಬೆಲೆ ಕಟ್ಟಲಾಗದು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಲಿಟ್ಲ್‌ಟನ್ ಪಟ್ಟಣದಲ್ಲಿ ಕೌಂಟರ್ ಸ್ಟ್ರೈಕ್ ಆಡುತ್ತ ಲೈವ್‌ನಲ್ಲಿದ್ದ ಸ್ಟ್ರೀಮರ್ ಒಬ್ಬರ ಕೋಣೆಗೆ ಶಸ್ತ್ರಧಾರಿ ಪೊಲೀಸರು ನುಗ್ಗಿ ಅವರನ್ನು ನೆಲಕ್ಕೆ ಮಲಗಿಸಿದರು. ಯಾರೋ ಸುಳ್ಳು ಕರೆ ಮಾಡಿ ಅಲ್ಲಿ ಗುಂಡಿನ ದಾಳಿ ನಡೆಯುತ್ತಿದೆ ಎಂದು ಹೇಳಿದ್ದರು, ಮತ್ತು ಆ ದೃಶ್ಯವಿಡೀ ವೀಕ್ಷಕರ ಮುಂದೆಯೇ ಪ್ರಸಾರವಾಯಿತು. ಸ್ವಾಟಿಂಗ್ ಎನ್ನುವುದು ಇದನ್ನೇ. 2017ರ ಡಿಸೆಂಬರ್‌ನಲ್ಲಿ ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ ಇದು ಪ್ರಾಣವನ್ನೇ ತೆಗೆದುಕೊಂಡಿತು. ಕಾಲ್ ಆಫ್ ಡ್ಯೂಟಿ ಆಟದ ಒಂದೂವರೆ ಡಾಲರ್ ಪಂದ್ಯದ ಮೇಲೆ ಇಬ್ಬರು ಜಗಳವಾಡಿದರು, ಒಬ್ಬನು ತಾನು ಹಿಂದೆ ಇದ್ದ ಮನೆಯ ವಿಳಾಸ ಕೊಟ್ಟು ಸವಾಲು ಹಾಕಿದನು, ಮೂರನೆಯವನೊಬ್ಬನು ಪೊಲೀಸರಿಗೆ ಸುಳ್ಳು ಕರೆ ಮಾಡಿದನು, ಮತ್ತು ಆ ಆಟಕ್ಕಾಗಲಿ ಜಗಳಕ್ಕಾಗಲಿ ಯಾವ ಸಂಬಂಧವೂ ಇಲ್ಲದ ವ್ಯಕ್ತಿ ತನ್ನ ಮನೆಯ ಬಾಗಿಲಲ್ಲಿ ಪೊಲೀಸ್ ಗುಂಡಿಗೆ ಬಲಿಯಾದರು. ಕರೆ ಮಾಡಿದವನಿಗೆ 2019ರಲ್ಲಿ 20 ವರ್ಷಗಳ ಸೆರೆವಾಸ ವಿಧಿಸಲಾಯಿತು. ನಮ್ಮಲ್ಲಿ ಸಶಸ್ತ್ರ ಪಡೆ ಬಾಗಿಲಿಗೆ ಬರುವ ಸಾಧ್ಯತೆ ಕಡಿಮೆಯಿರಬಹುದು, ಆದರೆ ವಿಳಾಸ ಸಿಕ್ಕ ಕೂಡಲೇ ಗುಂಪು ಕಟ್ಟಿಕೊಂಡು ಬರುವವರು, ಅಪರಾತ್ರಿಯಲ್ಲಿ ತಂದೆತಾಯಿಯರಿಗೆ ಕರೆ ಮಾಡಿ ಬೈಯುವವರು ಇಲ್ಲಿಯೂ ಇದ್ದಾರೆ.

ಯೂಟ್ಯೂಬ್‌ನಲ್ಲಿ ಇಂಥ ಸಂದರ್ಭಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಖಾಸಗಿತನದ ದೂರು. ಇದು ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯ ಅತ್ಯುತ್ತಮ ಭಾಗ, ಮತ್ತು ಅದರ ಯೋಗ್ಯತೆಗೆ ತಕ್ಕ ಪ್ರಚಾರ ಅದಕ್ಕೆ ಸಿಕ್ಕಿಲ್ಲ. ಪೂರ್ಣ ಹೆಸರು, ಮುಖ ಅಥವಾ ಧ್ವನಿ, ಹಣಕಾಸಿನ ವಿವರ, ಸಂಪರ್ಕದ ವಿವರ ಇವುಗಳಿಂದ ಒಬ್ಬರನ್ನು ನಿರ್ದಿಷ್ಟವಾಗಿ ಗುರುತಿಸಬಹುದಾಗಿದ್ದರೆ ಅವರು ವಿಡಿಯೊ ತೆಗೆಸಲು ಕೇಳಬಹುದು. ಸಾಮಾನ್ಯವಾಗಿ ಬಾಧಿತರೇ ದೂರು ಕೊಡಬೇಕು. ಅಪ್ರಾಪ್ತ ವಯಸ್ಕರು, ಕಂಪ್ಯೂಟರ್ ಬಳಸಲಾಗದವರು, ತೀರಿಕೊಂಡವರು ಇಂಥವರ ಪರವಾಗಿ ಮಾತ್ರ ಬೇರೆಯವರ ದೂರನ್ನು ಒಪ್ಪುತ್ತಾರೆ. ಅಭಿಮಾನಿಗಳ ಗುಂಪು ತನ್ನ ಮೆಚ್ಚಿನ ಸ್ಟ್ರೀಮರ್ ಪರವಾಗಿ ಸಾಮೂಹಿಕವಾಗಿ ದೂರು ಸುರಿದು ಟೀಕಾಕಾರರ ವಿಡಿಯೊಗಳನ್ನು ಇಳಿಸುವುದನ್ನು ಈ ನಿಯಮ ಬಹುಮಟ್ಟಿಗೆ ತಡೆಯುತ್ತದೆ. ಇದನ್ನು ಬಿಗಿಯೆಂದು ದೂರುವವರಿದ್ದಾರೆ, ನಾನು ಅದನ್ನು ಗುಣವೆಂದೇ ಎಣಿಸುತ್ತೇನೆ.

ದೂರು ಬಂದ ಮೇಲೆ ವಿಡಿಯೊ ಹಾಕಿದವರಿಗೆ ಸಾಮಾನ್ಯವಾಗಿ 48 ಗಂಟೆಗಳ ಕಾಲಾವಕಾಶ ಸಿಗುತ್ತದೆ. ಅಷ್ಟರೊಳಗೆ ಅವರು ಆ ಭಾಗವನ್ನು ಕತ್ತರಿಸಬಹುದು, ಮುಖವನ್ನೋ ನಂಬರನ್ನೋ ಮಸುಕುಗೊಳಿಸಬಹುದು, ಇಲ್ಲವೇ ವಿಡಿಯೊವನ್ನೇ ಅಳಿಸಬಹುದು. ವಿಡಿಯೊವನ್ನು ಕೇವಲ ಪ್ರೈವೇಟ್ ಮಾಡಿ ಸುಮ್ಮನಾದರೆ ಅದನ್ನು ಪರಿಹಾರವೆಂದು ಒಪ್ಪುವುದಿಲ್ಲ, ಏಕೆಂದರೆ ಅದನ್ನು ಯಾವ ಗಳಿಗೆಯಲ್ಲಾದರೂ ಮತ್ತೆ ಎಲ್ಲರಿಗೂ ತೆರೆಯಬಹುದು. ಇಷ್ಟು ಸಣ್ಣ ಕುಯುಕ್ತಿಯನ್ನೂ ಮುಂದಾಗಿ ಯೋಚಿಸಿ ನಿಯಮ ಬರೆದಿರುವುದನ್ನು ಮೆಚ್ಚಲೇಬೇಕು. ಜಗಳದ ನಡುವೆಯೂ ಟೀಕೆಯನ್ನು ಉಳಿಸಿ ಫೋನ್ ನಂಬರನ್ನು ಮಾತ್ರ ತೆಗೆಯುವ ಅವಕಾಶವನ್ನು ಈ ದಾರಿ ಎರಡೂ ಪಕ್ಷಗಳಿಗೆ ಕೊಡುತ್ತದೆ. 48 ಗಂಟೆಯಾದ ಮೇಲೂ ವಿಡಿಯೊ ಹಾಗೆಯೇ ಇದ್ದರೆ ಯೂಟ್ಯೂಬ್‌ನ ಸಿಬ್ಬಂದಿ ಪರಿಶೀಲಿಸಿ, ಸಾರ್ವಜನಿಕ ಹಿತ, ಸುದ್ದಿಯ ಮೌಲ್ಯ, ಒಪ್ಪಿಗೆ ಇವನ್ನು ತೂಗಿ ತೀರ್ಮಾನಿಸುತ್ತಾರೆ.

ಕೊರತೆ ಇರುವುದು ಆ 48 ಗಂಟೆಗಳಲ್ಲಿಯೇ. ವ್ಯಾಪಾರಿಯೊಬ್ಬರು ಪ್ರಮಾದದಿಂದ ಗ್ರಾಹಕರ ಮುಖ ತೋರಿಸಿದ ವಿಡಿಯೊಗೆ ಎರಡು ದಿನಗಳ ಸಮಯ ಸಾಕು. ಆದರೆ ಸಾವಿರಾರು ಮಂದಿ ನೋಡುತ್ತಿರುವ ಲೈವ್‌ನಲ್ಲಿ ಒಬ್ಬರ ಮನೆಯ ವಿಳಾಸ ತೆರೆಯ ಮೇಲೆ ಬಂದರೆ ಮೊದಲ ಹತ್ತು ನಿಮಿಷಗಳಲ್ಲಿಯೇ ಹಾನಿ ಆಗಿಹೋಗಿರುತ್ತದೆ, ಸ್ಕ್ರೀನ್‌ಶಾಟ್‌ಗಳು ವಾಟ್ಸ್ಆ್ಯಪ್ ಗುಂಪುಗಳನ್ನು ಸೇರಿರುತ್ತವೆ. ಇಂಥ ಪ್ರಕರಣಕ್ಕೆ ಖಾಸಗಿತನದ ಫಾರಂಗಿಂತ ಎರಡನೆಯ ದಾರಿಯಾದ ಕಿರುಕುಳದ ರಿಪೋರ್ಟ್ ಹೆಚ್ಚು ಸೂಕ್ತ. ಆದರೆ ಗಾಬರಿಯಲ್ಲಿರುವ ಮನುಷ್ಯನಿಗೆ ಯಾವುದು ಯಾವ ದಾರಿ ಎಂಬುದು ಹೊಳೆಯುವಂತೆ ಈ ಪುಟಗಳನ್ನು ಜೋಡಿಸಿಲ್ಲ.

ಖಾಸಗಿತನದ ದೂರಿನ ವ್ಯಾಪ್ತಿಗೆ 2024ರ ಜೂನ್‌ನಲ್ಲಿ ಇನ್ನೊಂದು ವಿಷಯ ಸೇರಿತು. ಕೃತಕ ಬುದ್ಧಿಮತ್ತೆಯಿಂದ ಒಬ್ಬರ ಮುಖ ಅಥವಾ ಧ್ವನಿಯನ್ನು ಹೋಲುವಂತೆ ತಯಾರಿಸಿದ ವಿಡಿಯೊಗಳನ್ನೂ ಇದೇ ದಾರಿಯಲ್ಲಿ ತೆಗೆಸಲು ಕೇಳಬಹುದು. ಇದರ ಹಿಂದಿನ ಅಗತ್ಯವನ್ನು ಅರಿಯಲು 2023ರ ಜನವರಿಯ ಘಟನೆಯನ್ನು ನೆನೆಯಬೇಕು. ಲೈವ್ ಪ್ರಸಾರದ ತಾಣವಾದ ಟ್ವಿಚ್‌ನ ಆಟ್ರಿಯಾಕ್ ಎಂಬ ಸ್ಟ್ರೀಮರ್ ಲೈವ್‌ನಲ್ಲಿದ್ದಾಗ ಅವರ ಬ್ರೌಸರ್‌ನಲ್ಲಿ ತೆರೆದಿದ್ದ ಪುಟವೊಂದು ತೆರೆಯ ಮೇಲೆ ಕಂಡಿತು, ಅದರಲ್ಲಿ ಅವರ ಸಹೋದ್ಯೋಗಿ ಮಹಿಳಾ ಸ್ಟ್ರೀಮರ್‌ಗಳ ಮುಖಗಳನ್ನು ಬಳಸಿ ಮಾಡಿದ ಅಶ್ಲೀಲ ಡೀಪ್‌ಫೇಕ್‌ಗಳಿದ್ದವು. ಅವರು ಕ್ಷಮೆ ಕೇಳಿದರು. ಆದರೆ ಆ ಮಹಿಳೆಯರು ಯಾವ ಜಗಳದಲ್ಲಿಯೂ ಇರಲಿಲ್ಲ, ಯಾರ ಟೀಕೆಯನ್ನೂ ಮಾಡಿರಲಿಲ್ಲ, ಆದರೂ ವಾರಗಟ್ಟಲೆ ನಡೆದ ಚರ್ಚೆಯಲ್ಲಿ ಮತ್ತೆ ಮತ್ತೆ ನೋಯಬೇಕಾದವರು ಅವರೇ ಆದರು. 2025ರ ಅಕ್ಟೋಬರ್‌ನಲ್ಲಿ ಯೂಟ್ಯೂಬ್ ತನ್ನ ಪಾಲುದಾರ ಚಾನೆಲ್‌ಗಳಿಗೆ ಮುಖದ ಹೋಲಿಕೆಯನ್ನು ತಾನಾಗಿಯೇ ಪತ್ತೆ ಮಾಡುವ ಸಾಧನವನ್ನು ಒದಗಿಸತೊಡಗಿತು. ಅದನ್ನು ಬಳಸಲು ಸರ್ಕಾರಿ ಗುರುತಿನ ಚೀಟಿಯನ್ನೂ ಮುಖದ ಸೆಲ್ಫಿ ವಿಡಿಯೊವನ್ನೂ ಸಂಸ್ಥೆಗೆ ಒಪ್ಪಿಸಬೇಕು. ಮುಖವನ್ನು ಕಾಪಾಡಿಕೊಳ್ಳಲು ಮುಖವನ್ನೇ ಒಪ್ಪಿಸುವುದು ಎಷ್ಟು ಸರಿಯೆಂದು ಪ್ರತಿಯೊಬ್ಬರೂ ತಾವೇ ನಿರ್ಧರಿಸಬೇಕು. ದೊಡ್ಡ ಚಾನೆಲ್ ಇರುವವರಿಗೆ, ವಿಶೇಷವಾಗಿ ಮಹಿಳೆಯರಿಗೆ, ನಾನು ಅದನ್ನು ಬಳಸಿ ಎಂದೇ ಹೇಳುತ್ತೇನೆ.

ಎರಡನೆಯ ದಾರಿಯಾದ ಕಿರುಕುಳದ ನಿಯಮ ಈಗಿರುವ ರೂಪಕ್ಕೆ ಬಂದದ್ದೇ ಒಂದು ಜಗಳದಿಂದ. ಪತ್ರಕರ್ತ ಕಾರ್ಲೋಸ್ ಮಾಜಾ 2019ರಲ್ಲಿ, ಯೂಟ್ಯೂಬ್ ನಿರೂಪಕ ಸ್ಟೀವನ್ ಕ್ರೌಡರ್ ತಮ್ಮ ಜನಾಂಗೀಯ ಮೂಲವನ್ನೂ ಲೈಂಗಿಕ ಒಲವನ್ನೂ ಹಿಡಿದು ವರ್ಷಗಟ್ಟಲೆ ಹಂಗಿಸುತ್ತಿದ್ದಾರೆಂದು ತುಣುಕುಗಳನ್ನು ಜೋಡಿಸಿ ತೋರಿಸಿದರು. ತಮ್ಮ ಫೋನ್ ನಂಬರ್ ಬಯಲಾಗಿ ಸಂದೇಶಗಳ ಸುರಿಮಳೆಯಾದದ್ದನ್ನೂ ಅವರು ಹೇಳಿಕೊಂಡರು. ಯೂಟ್ಯೂಬ್ ಮೊದಲ ದಿನ ನಿಯಮ ಮುರಿದಿಲ್ಲ ಎಂದಿತು, ಮರುದಿನವೇ ಆ ಚಾನೆಲ್‌ನ ಜಾಹೀರಾತು ಆದಾಯವನ್ನು ನಿಲ್ಲಿಸಿತು. ಈ ಎಡವಟ್ಟಿನ ಬಳಿಕ ಆ ವರ್ಷದ ಡಿಸೆಂಬರ್‌ನಲ್ಲಿ ಬಂದ ಪರಿಷ್ಕೃತ ನಿಯಮ, ಒಂದೊಂದೇ ವಿಡಿಯೊ ಗೆರೆ ದಾಟದಿದ್ದರೂ ಹಲವು ವಿಡಿಯೊಗಳಲ್ಲಿ ಮರುಕಳಿಸುವ ಕಿರುಕುಳವನ್ನು ಒಟ್ಟಾಗಿ ನೋಡಬೇಕೆಂದು ಹೇಳಿತು. ತತ್ತ್ವದಲ್ಲಿ ಇದು ಸರಿಯಾದ ದಿಕ್ಕು, ಏಕೆಂದರೆ ಸ್ಟ್ರೀಮರ್‌ಗಳ ಹಗೆತನದಲ್ಲಿ ನೋವು ಬರುವುದು ಒಂದು ಬೈಗುಳದಿಂದಲ್ಲ, ಪ್ರತಿ ಸಂಜೆಯೂ ಒಂದೇ ಹೆಸರನ್ನು ಎತ್ತಿ ಅಭಿಮಾನಿಗಳನ್ನು ಆ ಕಡೆಗೆ ತಿರುಗಿಸುವುದರಿಂದ. ಆದರೆ ರಿಪೋರ್ಟ್ ಒತ್ತುವ ಗುಂಡಿ ಇರುವುದು ಬಹುಮಟ್ಟಿಗೆ ಒಂದೊಂದು ವಿಡಿಯೊದ ಕೆಳಗೆ. ಆರು ತಿಂಗಳ ಮಾದರಿಯನ್ನು ಅಲ್ಲಿಯ ಚಿಕ್ಕ ಪೆಟ್ಟಿಗೆಯಲ್ಲಿ ವಿವರಿಸುವುದು ಕಷ್ಟ.

ಈ ನಿಯಮ ಭಾರತದಲ್ಲಿ ಹೆಚ್ಚು ಸದ್ದು ಮಾಡಿದ್ದು 2020ರ ಮೇ ತಿಂಗಳಲ್ಲಿ. ಟಿಕ್‌ಟಾಕ್ ಮಾಡುವವರನ್ನು ಕುಟುಕಿ ಯೂಟ್ಯೂಬರ್ ಕ್ಯಾರಿಮಿನಾಟಿ ಹಾಕಿದ್ದ, ಕೆಲವೇ ದಿನಗಳಲ್ಲಿ ಕೋಟಿಗಟ್ಟಲೆ ವೀಕ್ಷಣೆ ಪಡೆದಿದ್ದ ವಿಡಿಯೊವನ್ನು ಯೂಟ್ಯೂಬ್ ಕಿರುಕುಳದ ನಿಯಮದಡಿ ತೆಗೆದುಹಾಕಿತು. ಯಾವ ಸಾಲು ನಿಯಮ ಮುರಿಯಿತು ಎಂದು ಬಿಡಿಸಿ ಹೇಳಿದ್ದರೆ ಆ ತೀರ್ಮಾನವನ್ನು ಒಪ್ಪುವವರೂ ಅಲ್ಲಗಳೆಯುವವರೂ ಒಂದೇ ವಿಷಯದ ಮೇಲೆ ಮಾತನಾಡಬಹುದಿತ್ತು. ಕಾರಣವನ್ನು ಸ್ಪಷ್ಟಪಡಿಸದ ತೀರ್ಪಿನಿಂದ ಅಭಿಮಾನಿಗಳ ಸಿಟ್ಟು ಎದುರು ಪಕ್ಷದ ವ್ಯಕ್ತಿಯ ಮೇಲೆಯೇ ಮತ್ತಷ್ಟು ಹರಿಯುತ್ತದೆ.

ಇನ್ನು ಮೂರನೆಯ ದಾರಿ, ಕಾಪಿರೈಟ್. ಇದರ ಬಗ್ಗೆ ನಾನು ಹೆಚ್ಚು ಬರೆಯಬೇಕಾಗಿದೆ, ಏಕೆಂದರೆ ಖಾಸಗಿತನಕ್ಕೆ ಸಂಬಂಧವೇ ಇಲ್ಲದಂತೆ ಕಾಣುವ ಈ ದಾರಿಯಲ್ಲಿಯೇ ಅತಿ ದೊಡ್ಡ ಅಪಾಯವಿದೆ. ಟೀಕಾಕಾರರು ಸ್ಟ್ರೀಮರ್‌ನ ತುಣುಕು ತೋರಿಸದೆ ಟೀಕಿಸಲಾರರು. ಹಾಗೆ ತೋರಿಸುವುದು ಎಲ್ಲಿಯವರೆಗೆ ನ್ಯಾಯವೆಂಬ ಬಗ್ಗೆ ಅಮೆರಿಕದಲ್ಲಿ ಮುಖ್ಯ ತೀರ್ಪೊಂದು ಬಂದದ್ದು 2017ರ ಆಗಸ್ಟ್‌ನಲ್ಲಿ. ಎತನ್ ಮತ್ತು ಹೀಲಾ ಕ್ಲೈನ್ ದಂಪತಿಗಳ ರಿಯಾಕ್ಷನ್ ವಿಡಿಯೊ ವಿರುದ್ಧ ಇನ್ನೊಬ್ಬ ಯೂಟ್ಯೂಬರ್ ಹೂಡಿದ್ದ ದಾವೆಯಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಧೀಶೆ ಕ್ಯಾಥರೀನ್ ಫಾರೆಸ್ಟ್, ಆ ಬಳಕೆ ಟೀಕೆ ಮತ್ತು ವ್ಯಾಖ್ಯಾನಕ್ಕಾಗಿ ಮಾಡಿದ ನ್ಯಾಯಯುತ ಬಳಕೆಯೆಂದು ತೀರ್ಪು ಕೊಟ್ಟರು. ಜೊತೆಗೆ, ಎಲ್ಲ ರಿಯಾಕ್ಷನ್ ವಿಡಿಯೊಗಳೂ ಹಾಗೆಯೇ ಎಂದು ಭಾವಿಸಬಾರದು, ಕೆಲವು ಒಟ್ಟಾಗಿ ಕುಳಿತು ನೋಡುವುದಕ್ಕಿಂತ ಹೆಚ್ಚಿನವಲ್ಲ ಎಂದೂ ಎಚ್ಚರಿಸಿದರು. 2025ರಲ್ಲಿ ಅದೇ ಎತನ್ ಕ್ಲೈನ್, ತಮ್ಮ ದೀರ್ಘ ವಿಡಿಯೊವನ್ನು ಹೆಚ್ಚಿನ ವ್ಯಾಖ್ಯಾನವಿಲ್ಲದೆ ಲೈವ್‌ನಲ್ಲಿ ಓಡಿಸಿದರೆಂದು ಆರೋಪಿಸಿ ತಮ್ಮ ಟೀಕಾಕಾರರಾದ ಮೂವರು ಸ್ಟ್ರೀಮರ್‌ಗಳ ಮೇಲೆ ದಾವೆ ಹೂಡಿದರು. ಆ ಗೆರೆ ಎಲ್ಲಿದೆಯೆಂಬುದು ಕೋರ್ಟಿನಲ್ಲಿಯೇ ಬಗೆಹರಿಯಬೇಕಾದ ಪ್ರಶ್ನೆ. ಆದರೆ ಜಗಳದ ಬಹುಪಾಲು ಕೋರ್ಟಿಗೆ ಹೋಗುವುದಿಲ್ಲ, ಯೂಟ್ಯೂಬ್‌ನ ಫಾರಂನಲ್ಲಿಯೇ ಮುಗಿಯುತ್ತದೆ.

ಆ ಫಾರಂ ಹೇಗೆ ಕೆಲಸ ಮಾಡುತ್ತದೆಂದು ನೋಡೋಣ. ನನ್ನ ತುಣುಕನ್ನು ಕದ್ದಿದ್ದಾರೆಂದು ಸ್ಟ್ರೀಮರ್ ಅರ್ಜಿ ಹಾಕಿ ಅದು ಅಂಗೀಕಾರವಾದರೆ ಟೀಕಾಕಾರರ ವಿಡಿಯೊ ಇಳಿಯುತ್ತದೆ, ಚಾನೆಲ್‌ಗೆ ಒಂದು ಸ್ಟ್ರೈಕ್, ಅಂದರೆ ನಿಯಮ ಮುರಿದ ಗುರುತು, ಬೀಳುತ್ತದೆ. 90 ದಿನಗಳಲ್ಲಿ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗಬಹುದು. ಇದು ತಪ್ಪು ಎಂದು ವಾದಿಸಲು ಟೀಕಾಕಾರರು ಪ್ರತಿ-ನೋಟಿಸ್ ಸಲ್ಲಿಸಬೇಕು. ಅಮೆರಿಕದ ಡಿಎಂಸಿಎ ಎಂಬ ಕಾಪಿರೈಟ್ ಕಾನೂನಿನಂತೆ ಆ ನೋಟಿಸ್‌ನಲ್ಲಿ ನಿಜವಾದ ಹೆಸರು, ವಿಳಾಸ, ಫೋನ್ ನಂಬರ್ ಇರಬೇಕು, ಅಮೆರಿಕದ ನ್ಯಾಯಾಲಯದ ಅಧಿಕಾರವ್ಯಾಪ್ತಿಗೆ ಒಪ್ಪಿಗೆಯನ್ನೂ ಸೂಚಿಸಬೇಕು. ಹೀಗೆ ಸಲ್ಲಿಸಿದ ನೋಟಿಸನ್ನು ಯೂಟ್ಯೂಬ್ ಎದುರು ಪಕ್ಷಕ್ಕೆ ಕಳಿಸುತ್ತದೆ. ಅವರು 10 ಕೆಲಸದ ದಿನಗಳೊಳಗೆ ದಾವೆ ಹೂಡದಿದ್ದರೆ ವಿಡಿಯೊ ಮರಳಿ ಬರುತ್ತದೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಕುಳಿತು ಹೆಸರು ಮರೆಸಿಕೊಂಡು ವಿಮರ್ಶೆ ಮಾಡುವ ಹುಡುಗಿಯೊಬ್ಬಳು ತನ್ನ ವಿಡಿಯೊ ಉಳಿಸಿಕೊಳ್ಳಬೇಕಾದರೆ, ತನ್ನ ಮೇಲೆ ಹಗೆ ಸಾಧಿಸುತ್ತಿರುವ ವ್ಯಕ್ತಿಯ ಕೈಗೇ ತನ್ನ ಮನೆಯ ವಿಳಾಸವನ್ನು ಕೊಡಬೇಕು. ಖಾಸಗಿತನವನ್ನು ಕಾಯುತ್ತೇನೆಂದು ಒಂದು ಬಾಗಿಲಲ್ಲಿ ಹೇಳುವ ಸೇವೆ, ಪಕ್ಕದ ಬಾಗಿಲಲ್ಲಿ ಅದನ್ನೇ ಶುಲ್ಕವಾಗಿ ಕೇಳುತ್ತದೆ.

ಇದು ಊಹೆಯ ಭಯವಲ್ಲ. 2019ರ ಆಗಸ್ಟ್‌ನಲ್ಲಿ ಯೂಟ್ಯೂಬ್ ತಾನೇ ನೆಬ್ರಾಸ್ಕಾದ ಫೆಡರಲ್ ಕೋರ್ಟಿನಲ್ಲಿ ಓಮಾಹಾದ ವ್ಯಕ್ತಿಯೊಬ್ಬನ ಮೇಲೆ ದಾವೆ ಹೂಡಿತು. ಮೈನ್‌ಕ್ರಾಫ್ಟ್ ಆಟದ ವಿಡಿಯೊ ಮಾಡುವವರ ಮೇಲೆ ಅವನು ಬೇರೆ ಬೇರೆ ಹೆಸರುಗಳಲ್ಲಿ ಸುಳ್ಳು ಕಾಪಿರೈಟ್ ದೂರು ಹಾಕಿ, ಸ್ಟ್ರೈಕ್ ತೆಗೆಯಬೇಕಾದರೆ ಹಣ ಕೊಡಬೇಕೆಂದು ಬೆದರಿಸುತ್ತಿದ್ದನೆಂಬುದು ಆರೋಪ. ಅದಕ್ಕಿಂತ ಗಂಭೀರವಾದ ಇನ್ನೊಂದು ಸಂಶಯವೂ ದಾವೆಯಲ್ಲಿತ್ತು: ಪ್ರತಿ-ನೋಟಿಸ್ ಮೂಲಕ ದೊರೆತ ವಿಳಾಸವನ್ನು ಬಳಸಿ ಒಬ್ಬ ಯೂಟ್ಯೂಬರ್‌ನ ಮನೆಗೆ ಸ್ವಾಟಿಂಗ್ ಮಾಡಿಸಿರಬಹುದು ಎಂಬುದು. ಕೆಲವೇ ವಾರಗಳಲ್ಲಿ ಪ್ರಕರಣ ರಾಜಿಯಾಗಿ, ಆ ವ್ಯಕ್ತಿ 25,000 ಡಾಲರ್ ಕೊಡಲು ಒಪ್ಪಿ ಸಾರ್ವಜನಿಕವಾಗಿ ಕ್ಷಮೆ ಕೇಳಿದನು. ಬಳಕೆದಾರರ ಪರವಾಗಿ ಸಂಸ್ಥೆಯೊಂದು ಕೋರ್ಟಿಗೆ ಹೋದದ್ದು ನಿಜಕ್ಕೂ ಶ್ಲಾಘನೀಯ, ಆ ನಿಲುವಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆದರೆ ಸುಳ್ಳು ದೂರು ಕೊಟ್ಟವನನ್ನು ಶಿಕ್ಷಿಸಿದರೂ ವಿಳಾಸ ಹೋಗುವ ದಾರಿ ಮುಚ್ಚಲಿಲ್ಲ. ಕಾನೂನು ಬದಲಾಗಬೇಕಾದದ್ದು ಅಮೆರಿಕದ ಸಂಸತ್ತಿನಲ್ಲಿ, ಅದು ಸಂಸ್ಥೆಯ ಕೈಯಲ್ಲಿಲ್ಲ ಎಂಬುದು ನಿಜ. ಹಾಗಿದ್ದರೂ, ನಿಮ್ಮ ಪರವಾಗಿ ವಕೀಲರು ಪ್ರತಿ-ನೋಟಿಸ್ ಸಲ್ಲಿಸಬಹುದೆಂಬ ಮಾತನ್ನು ಸಹಾಯದ ಪುಟದ ಮಧ್ಯದಲ್ಲಿಡದೆ ಫಾರಂನ ಮೊದಲ ಸಾಲಿನಲ್ಲಿಯೇ ದಪ್ಪಕ್ಷರದಲ್ಲಿ ಹಾಕಲು ಯಾವ ಕಾನೂನೂ ಅಡ್ಡಿಬರುವುದಿಲ್ಲ.

ಭಾರತದಲ್ಲಿಯೂ ಈ ದಾರಿಯ ಬಿಸಿ ತಟ್ಟಿದೆ. 2025ರ ಮೇ ತಿಂಗಳಲ್ಲಿ ಯೂಟ್ಯೂಬರ್ ಮೋಹಕ್ ಮಂಗಲ್, ಎಎನ್‌ಐ ಸುದ್ದಿಸಂಸ್ಥೆ ತಮ್ಮ ವಿಡಿಯೊಗಳ ಮೇಲೆ ಸ್ಟ್ರೈಕ್ ಹಾಕಿ ದೊಡ್ಡ ಮೊತ್ತದ ಪರವಾನಗಿ ಶುಲ್ಕ ಕೇಳಿತೆಂದು ಆರೋಪಿಸಿದರು. ಸುದ್ದಿಸಂಸ್ಥೆ ಅವರ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಮಾನನಷ್ಟದ ದಾವೆ ಹೂಡಿತು. ಭಾರತದ ಕಾಪಿರೈಟ್ ಕಾಯ್ದೆಯ 52ನೆಯ ಸೆಕ್ಷನ್ ಟೀಕೆ ಮತ್ತು ವಿಮರ್ಶೆಗಾಗಿ ಮಾಡುವ ನ್ಯಾಯಯುತ ಬಳಕೆಗೆ ರಕ್ಷಣೆ ಕೊಡುತ್ತದೆ. ಆದರೆ ಸ್ಟ್ರೈಕ್ ಬಿದ್ದ ಕೂಡಲೇ ಎದುರಾಗುವುದು ಅಮೆರಿಕದ ವಿಧಾನದ ಫಾರಂ.

ಲೈವ್ ಚಾಟ್‌ನ ರಕ್ಷಣೆಗೆ ಯೂಟ್ಯೂಬ್ ಕೊಟ್ಟಿರುವ ಸಾಧನಗಳು ಒಟ್ಟಿನಲ್ಲಿ ಸಾಕಷ್ಟಿವೆ: ಸಂಶಯದ ಸಂದೇಶಗಳನ್ನು ತಡೆಹಿಡಿಯುವುದು, ನಿಷೇಧಿತ ಪದಗಳ ಪಟ್ಟಿ, ಎರಡು ಸಂದೇಶಗಳ ನಡುವೆ ಕಾಯುವಂತೆ ಮಾಡುವ ಸ್ಲೋ ಮೋಡ್, ಚಾಟ್ ಕಾಯುವ ಮಾಡರೇಟರ್‌ಗಳ ನೇಮಕ. ನಿಷೇಧಿತ ಪದಗಳ ಪಟ್ಟಿಗೆ ನಿಮ್ಮ ಬೀದಿಯ ಹೆಸರು, ಬಡಾವಣೆಯ ಹೆಸರು, ಕಾಲೇಜಿನ ಹೆಸರುಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡೂ ಅಕ್ಷರಗಳಲ್ಲಿ ಸೇರಿಸಿಡುವುದು ಒಳ್ಳೆಯದು. ವೀಕ್ಷಕರು ಹಣ ಕೊಟ್ಟು ಕಳಿಸುವ ಸಂದೇಶವಾದ ಸೂಪರ್ ಚಾಟ್ ಬಗ್ಗೆ ಮಾತ್ರ ವಿಶೇಷ ಎಚ್ಚರ ಬೇಕು. ಕೊಟ್ಟ ಹಣಕ್ಕೆ ತಕ್ಕಂತೆ ಅದು ಗರಿಷ್ಠ 5 ಗಂಟೆಗಳವರೆಗೆ ಚಾಟ್‌ನ ಮೇಲೆ ನಿಲ್ಲುತ್ತದೆ, ಮತ್ತು ಹಣ ಕೊಟ್ಟವರ ಸಂದೇಶವನ್ನು ಸ್ಟ್ರೀಮರ್ ಗಟ್ಟಿಯಾಗಿ ಓದುವುದು ರೂಢಿ. ಹಗೆಯವರು ಬೇರೊಬ್ಬರ ಗುಟ್ಟನ್ನು ಸ್ಟ್ರೀಮರ್ ಬಾಯಿಂದಲೇ ಹೊರಡಿಸಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಪೂರ್ತಿ ಓದಿಕೊಂಡ ಮೇಲೆ ಬಾಯಿ ತೆರೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಹೋಲಿಕೆಗೆ ಟ್ವಿಚ್ ಅನ್ನು ನೋಡಿದರೆ, ಲೈವ್‌ನ ವಿಷಯದಲ್ಲಿ ಅದು ಹೆಚ್ಚು ಪೆಟ್ಟು ತಿಂದು ಹೆಚ್ಚು ಕಲಿತಿದೆ. 2021ರ ಆಗಸ್ಟ್‌ನಲ್ಲಿ ತಂತ್ರಾಂಶ ನಡೆಸುವ ಬಾಟ್ ಖಾತೆಗಳ ದಂಡು ಕಪ್ಪುಜನರ ಮತ್ತು ಲೈಂಗಿಕ ಅಲ್ಪಸಂಖ್ಯಾತರ ಚಾಟ್‌ಗಳಿಗೆ ನುಗ್ಗಿ ದ್ವೇಷ ಕಾರಿದಾಗ, ಸೆಪ್ಟೆಂಬರ್ 1ರಂದು ಹಲವು ಸ್ಟ್ರೀಮರ್‌ಗಳು ಒಂದು ದಿನ ಲೈವ್ ಮಾಡದೆ ಪ್ರತಿಭಟಿಸಿದರು. ಅದರ ಬಳಿಕ ಫೋನ್ ದೃಢೀಕರಣ ಬಂತು, 2022ರ ಕೊನೆಗೆ ಒಂದೇ ಗುಂಡಿಯಿಂದ ಎಲ್ಲ ಬಿಗಿ ನಿಯಮಗಳನ್ನು ಜಾರಿ ಮಾಡುವ ಶೀಲ್ಡ್ ಮೋಡ್ ಬಂತು. ಯೂಟ್ಯೂಬ್ ಈ ಕೊನೆಯದನ್ನು ತನ್ನದಾಗಿಸಿಕೊಳ್ಳಬೇಕು. ಆದರೆ ಅದೇ ಟ್ವಿಚ್‌ನಿಂದ 2021ರ ಅಕ್ಟೋಬರ್‌ನಲ್ಲಿ ಸ್ಟ್ರೀಮರ್‌ಗಳ ಗಳಿಕೆಯ ವಿವರಗಳೂ ಸೇರಿದಂತೆ ಅಪಾರ ಮಾಹಿತಿ ಸೋರಿಹೋಯಿತೆಂಬುದನ್ನೂ ಮರೆಯುವಂತಿಲ್ಲ.

ಇನ್ನು ನಮ್ಮ ಕಾನೂನಿನ ಆಸರೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ ಬಂದದ್ದು. 2021ರ ಐಟಿ ನಿಯಮಗಳು ಪ್ರತಿ ದೊಡ್ಡ ತಾಣವೂ ಭಾರತದಲ್ಲಿ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕೆಂದು ವಿಧಿಸಿದವು. 2023ರಿಂದ, ಅಧಿಕಾರಿಯ ಉತ್ತರ ತೃಪ್ತಿ ತರದಿದ್ದರೆ ಸರ್ಕಾರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲಿಯೇ ಅರ್ಜಿ ಹಾಕಬಹುದು. ಯೂಟ್ಯೂಬ್‌ನ ಫಾರಂ ಕೈಕೊಟ್ಟಾಗ ಈ ದಾರಿಯನ್ನು ಬಳಸುವವರು ತೀರಾ ಕಡಿಮೆ, ಬಳಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೇಲೆ ಮಾತ್ರ ಹೆಚ್ಚು ಭರವಸೆ ಇಡಬೇಡಿ. ನೀವೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೆ ಅದು ಅನ್ವಯಿಸುವುದಿಲ್ಲ, ಮತ್ತು ಹಳೆಯ ಲೈವ್ ಒಂದರಲ್ಲಿ ನಿಮ್ಮ ಬಾಲ್ಕನಿಯಿಂದ ಕಾಣುವ ನೀರಿನ ಟ್ಯಾಂಕನ್ನು ನೀವೇ ತೋರಿಸಿದ್ದರೆ ಎದುರಿನವರು ಅದನ್ನೇ ಎತ್ತಿ ಹಿಡಿಯುತ್ತಾರೆ.

ಹೊಸದಾಗಿ ಚಾನೆಲ್ ತೆರೆದು ಇತರ ಸ್ಟ್ರೀಮರ್‌ಗಳನ್ನು ವಿಮರ್ಶಿಸಲು ಹೊರಟವರು, ಮೊದಲ ವಿಡಿಯೊ ಹಾಕುವ ಮುನ್ನವೇ ತಮ್ಮ ಪರವಾಗಿ ಪ್ರತಿ-ನೋಟಿಸ್ ಸಲ್ಲಿಸಲು ಒಪ್ಪುವ ವಕೀಲರೊಬ್ಬರನ್ನು ಗೊತ್ತುಮಾಡಿಕೊಳ್ಳುವುದು ಒಳಿತು. ಅದಕ್ಕೆ ತಗಲುವ ಖರ್ಚನ್ನು ಮೈಕ್ ಮತ್ತು ಕ್ಯಾಮೆರಾದ ಖರ್ಚಿನ ಜೊತೆಯಲ್ಲಿಯೇ ಲೆಕ್ಕ ಹಾಕಿ. ಯೂಟ್ಯೂಬ್‌ಗೆ ನಾನು ಕೊಡುವುದು ಐದರಲ್ಲಿ ಮೂರು ಅಂಕ: ಖಾಸಗಿತನದ ಫಾರಂ ಒಂದೇ ಆಗಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ, ವಿಳಾಸ ಕೈಬದಲಾಗುವ ಆ ನೋಟಿಸ್ ಇರುವವರೆಗೆ ಮೂರಕ್ಕಿಂತ ಹೆಚ್ಚು ಕೊಡಲಾರೆ.